ಯಾವ ಪದರದ್ದು?

ಬಫಲೋ ಊರಿನ ಪೂರ್ವದ ಬೀದಿ, ಮರದ ಎರಡಂತಸ್ತು.
ಯಂತ್ರದ ಮೂತಿಯನ್ನು ಮರಕ್ಕೊತ್ತಿ
ಉಸಿರು ಹಿಡಿದು ನಿಂತೆ.
ಅಭ್ಯಾಸ ಅಷ್ಟೇ, ಅದಕ್ಕೆ ನನ್ನ ಉಸಿರು ಬೇಕಿಲ್ಲ.

ಗೋಡೆಗೆ ಸೊನ್ನೆ. ಬಾಗಿಲಿಗೆ ಸೊನ್ನೆ ಪಾಯಿಂಟ್ ಎರಡು.
ಅರ್ನೆಸ್ಟೀನ್ ಅಜ್ಜಿ ಪ್ರತಿ ಸಲವೂ
ಪಾಸಾದ ಹುಡುಗಿಯಂತೆ ತಲೆಯಾಡಿಸಿದಳು.

ಕಿಟಕಿಗೆ ಒಂಬತ್ತು ಪಾಯಿಂಟ್ ನಾಲ್ಕು.
ಒಂದು ದಾಟಿದ್ದರೂ ಸಾಕಿತ್ತು.

ಬೆಳ್ಳಗಿರುವುದೆಲ್ಲ ಹಾಲಲ್ಲ. ಸಿಪ್ಪೆ ಎದ್ದ ಅಂಚಿನಲ್ಲಿ
ಬಿಳಿಯ ಕೆಳಗೆ ಕೆನೆ, ಕೆನೆಯ ಕೆಳಗೆ ಪಾಚಿ ಹಸಿರು,
ಅದರಡಿಗೆ ಒಂದು ನೀಲಿ.
ಕಿಟಕಿ ಎತ್ತಿದಾಗಲೆಲ್ಲ, ಇಳಿಸಿದಾಗಲೆಲ್ಲ
ಅಷ್ಟೂ ಬಣ್ಣ ಒಂದಿಷ್ಟಿಷ್ಟೇ ಅರೆದು, ಹಿಟ್ಟಾಗಿ,
ಹಲಗೆಯ ಮೇಲೆ ಕೂತಿದೆ.
ಹಲಗೆಯ ತುದಿಗೆ ನಾಲ್ಕು ಪುಟ್ಟ ಹಲ್ಲಿನ ಗುರುತು.
ಸಿಹಿಯಂತೆ ಸೀಸ. ಹೆಸರಿನ ಮೊದಲಕ್ಷರವೇ ಸೀ.

"ನೀಲಿ ನಾನೇ ಬಳಿದದ್ದು," ಅಂದಳು, "ಅರವತ್ತೊಂದರಲ್ಲಿ,
ಕ್ಲೈಡ್ ಹೊಟ್ಟೆಯಲ್ಲಿದ್ದಾಗ, ಕುರ್ಚಿ ಹತ್ತಿ.
ಎಲ್ಲಕ್ಕಿಂತ ದುಬಾರಿಯದನ್ನೇ ತಂದಿದ್ದೆ.
ಬಾಳಿಕೆ ಬರುತ್ತೆ ಅಂದಿದ್ದ ಅಂಗಡಿಯವ."

ಬಂದಿದೆ.

ಆಮೇಲೆ ಕೇಳಿದಳು: "ಇದು ಯಾವ ಪದರದ್ದು?"
ಯಂತ್ರ ಮೊತ್ತ ಹೇಳುತ್ತದೆ,
ಪದರ ಹೇಳುವುದಿಲ್ಲ, ಎಂದೆ.
ಅದು ನಿಜ. ನಿಜವಾಗಿದ್ದದ್ದು
ಆ ದಿನ ನನ್ನ ಪುಣ್ಯ.

ಅವಳ ಕೈ ಪೊರಕೆಗೆ ಹೋಯಿತು.
ಒಣ ಗುಡಿಸಬೇಡಿ, ಒದ್ದೆ ಬಟ್ಟೆ ತನ್ನಿ, ಅಂದೆ.
ಫ್ರಿಜ್ಜಿನ ಬಾಗಿಲಲ್ಲಿ ಮರಿಮಗನ ರಕ್ತಪರೀಕ್ಷೆಯ ಚೀಟಿ;
ಅಯಸ್ಕಾಂತದ ಸ್ಟ್ರಾಬೆರಿಯೊಂದು ಅದನ್ನು ಹಿಡಿದಿತ್ತು.

ಅಷ್ಟರಲ್ಲಿ ನಿದ್ದೆಯಿಂದೆದ್ದ ಮಗು
ನೇರ ಕಿಟಕಿಯತ್ತ ತೆವಳಿತು.
ನಾವಿಬ್ಬರೂ
ಒಟ್ಟಿಗೇ ಬಾಗಿದೆವು.