ಬಟ್ಟಲ ಉಂಡಾಕಿ

ಆ ಸಾರು ನಮ್ಮ ಸಣ್ಣವ್ವ ಮರೆಮ್ಮ
ಒಂದು ದಿನಾನೂ ಕುಡದಾಕಿ ಅಲ್ಲ.
ಬಟ್ಟಲ ಉಂಡಾಳ, ಹನ್ನೊಂದು ವರ್ಷ.

ಬೊಂಬಾಯಿ. ಕೊಲಾಬಾದ ಒಂದು ಹಿಂದಿನ ಗಲ್ಲಿ,
ಹೋಟೆಲಿನ ಹಿಂಬಾಗಿಲು, ತಾಟು ತೊಳಿಯೋ ಮೋರಿ.
ಉಣ್ಣೋರು ಚಮಚದಿಂದ ನಡುವಿಂದು ತಗೊಂಡು
ಗೋಡಿ ಹಂಗೇ ಬಿಟ್ಟು ಏಳತಿದ್ರು.
ಬ್ರೆಡ್ಡಿನದೇ ಬಟ್ಟಲ ಅದು. ತೊಳಿಯೋದಲ್ಲ, ಚೆಲ್ಲೋದು.
ಈಕಿ ಚೆಲ್ಲಲಿಲ್ಲ.
ಪ್ಲಾಸ್ಟಿಕಿನಾಗ ಸುತ್ತಿ, ಕಡೀ ಲೋಕಲ್ ಹಿಡದು
ಖೋಲಿಗೆ ಒಯ್ದು ಮುಂಜಾನಿಗಿ ಇಡತಿದ್ಳು.

ಆಕಿಗೆ ಗೊತ್ತಿದ್ದದ್ದೆಲ್ಲಾ ಆ ಗೋಡಿ ಹೇಳಿದ್ದೇ.
ಒಳಮೈಗೆ ಹತ್ತಿದ ಬಟಾಟಿ.
ನುಂಗಿದ ಮ್ಯಾಲೆ ಗಂಟಲದಾಗ ಕರಿಮೆಣಸು.
ಬೆಣ್ಣಿ, ಅದರಾಗ ಹುರದ ಬಿಳೀ ಹಿಟ್ಟು.
ಒಮ್ಮೆ ಹಲ್ಲಿಗೆ ಕಟ್ ಅಂದ ಚಿಪ್ಪಿನ ಚೂರು.
ಒಮ್ಮೆ ಸೀಗಡಿ ಮೀಸಿ, ಗೇಣುದ್ದ ಅಂತಾಳ,
ಅರ್ಧ ಸುಳ್ಳು ಇರಬೇಕು.

ಈಗ ಯಾದಗಿರಿಯೊಳಗ, ಸ್ಟೇಷನ್ ರೋಡಿನ
ನಮ್ಮ ಖಾನಾವಳಿ ಒಲೀ ಮುಂದ ಕುಂತು
"ಇವತ್ತ ಮಾಡೇ ಬಿಡೂಣು" ಅಂದ್ಳು.

ಬೊಂಬಾಯಿ ಗಾಡಿ ನಿಂದರೋದೇ ಎರಡು ನಿಮಿಷ.
ಥರ್ಮಾಕೋಲ ಡಬ್ಬಿ ಇಳಿಸಿಕೊಂಡಾಗ ಬರ್ಫ ನೀರಾಗಿತ್ತು.
ಮೂಸಿ ನೋಡಿ, ಅರ್ಧ ನಾಯಿಗಳಿಗಿ ಹಾಕಿ,
ಕಮ್ಮಿ ಬಿದ್ದದ್ದಕ್ಕ ಭೀಮಾ ದಂಡಿಗಿ ಹೋಗಿ
ಬಲಿಯಾಗ ಸಿಕ್ಕ ಸಣ್ಣ ಸೀಗಡಿ ತಂದ್ಳು.
"ಹೊಳಿ ಸಮುದ್ರಕ್ಕ ಹೋಗೋದೇ ಅದ ಹೆಂಗೂ,
ಇವು ಒಂದೀಟು ಮೊದಲ ಬಂದಾವ."

ದಸ್ತಗೀರಸಾಬನ ಬೇಕರಿಯೊಳಗ ಮೂರು ದಿನ ಜಗಳ.
ಮೊದಲ ದಿನ ಬನ್ನು ಕೊಟ್ಟ, ಸಕ್ಕರಿ ಹಾಕಿದ್ದು, ಮ್ಯಾಲೊಂದು ಗೋಡಂಬಿ.
ಎರಡನೇ ದಿನದ್ದು ಗ್ವಾಡಿಗಿ ಒಗದ್ರ ಗ್ವಾಡಿ ಒಡೀತಿತ್ತು.
"ಏ ಬಾಬಾ, ಬೆರಳಿಲೆ ಬಡದ್ರ
ಹಲಗಿಯಂಗ ಸಪ್ಪಳ ಬರಬೇಕು, ಕೇಳಿಲ್ಲಿ"
ಅಂತ ತನ್ನ ಮೊಣಕಾಲ ಬಡದು ತೋರಿಸಿದ್ಳು.
ಮೂರನೇದಕ್ಕ ಆತ ತಾನೇ ಬಡದು, ಕಿವಿ ಹಚ್ಚಿ ಕೇಳಿ,
ರೊಕ್ಕ ತಗೊಳ್ಳಲಿಲ್ಲ.

ಹಾಲು ಕಾದಿತ್ತು. ಎಮ್ಮಿ ಹಾಲು, ಬೆರಳ ದಪ್ಪ ಕೆನಿ.
ಆಯಿ ಹೊಸ್ತಿಲ ಮ್ಯಾಲೆ ಎದ್ದು ನಿಂತ್ಳು:
"ಮೀನಿಗಿ ಹಾಲು ಕೂಡಿಸಿದ್ರ ತೊನ್ನ ಹತ್ತತದ!"
ಸಣ್ಣವ್ವ ಎರಡೂ ಕೈ ಮುಂದ ಚಾಚಿದ್ಳು,
ಹನ್ನೊಂದು ವರ್ಷದ ಸೋಡಾ ನೀರು ತಿಂದ ಕೈ.
"ಎಲ್ಲಿ ಹತ್ತೇದ, ತೋರಸು."
ಆಯಿ ನೋಡಿದ್ಳು. ಕುಂತ್ಳು.
ಬಟಾಟಿ ಸುಲಿಯಾಕ ಹತ್ತಿದ್ಳು.

ಮೈದಾ ಗಂಟು ಕಟ್ಟಿತು, ಹೊರಗ ಹೋಯ್ತು.
ಜೋಳದ ಹಿಟ್ಟು ಕಲಸಿ ಬಿಟ್ಟೆವು.
ಅಂಬಲಿ ಗಟ್ಟಿ ಮಾಡೋದು
ನಮಗ ಯಾರು ಕಲಸಬೇಕು?
ಸೀಗಡಿ ಬಿದ್ದವು, ಬಾಗಿದವು, ಕೆಂಪಾದವು.
ಮೆಣಸು ಕುಟ್ಟೋ ಸಪ್ಪಳಕ್ಕ
ಗಿರಾಕಿಗಳು ಒಳಗ ಹಣಿಕಿದ್ರು:
ಏನ್ ಅದರೀ ಇವತ್ತ?

ಬ್ರೆಡ್ಡಿನ ಟೊಪ್ಪಿಗಿ ಕೊಯ್ದು, ಒಳಗಿನ ಹತ್ತಿ ತಗದು
ಸಾರು ಸುರಿವಿದೆವು.
ಎಲ್ಲಾರೂ ಕುಡದ್ರು. ಆಯಿ ಎರಡು ಸಲ.
ಸಣ್ಣವ್ವ ಒಂದು ಚಮಚ ಬಾಯಾಗ ಇಟ್ಟು
ಭಾಳ ಹೊತ್ತು ಸುಮ್ಮನಿದ್ಳು.
"ಗೊತ್ತಾಗವಲ್ತು" ಅಂದ್ಳು.
"ಇದೇನೋ, ಬ್ಯಾರೆನೋ.
ನಾ ಬಿಸೀದು ಎಂದು ನೋಡೀನಿ?"

ಒಂದು ಬಟ್ಟಲ ಖಾಲಿ ಮಾಡಿ
ಬುಟ್ಟಿ ಡಬ್ಬ ಹಾಕಿ ಮ್ಯಾಲೆ ಕಲ್ಲಿಟ್ಟು ಮಲಗಿದೆವು.
ರಾತ್ರಿ ಗಾಡಿಗಳು ಬಂದವು, ಹೋದವು.

ಮುಂಜಾನೆ ಚಹಾ ಕುದಿಯೋದ್ರಾಗ
ಆಕಿ ಬುಟ್ಟಿ ಎತ್ತಿ, ನಿಂತಲ್ಲೇ
ತಣ್ಣಗ ಮೆತ್ತಗಾದ ಗೋಡಿ ಒಂದು ತುಂಡು ಮುರದು
ಕಣ್ಣು ಮುಚ್ಚಿ ಅಗದ್ಳು.

"ಹಾಂ" ಅಂದ್ಳು.
ಮತ್ತೊಂದು ತುಂಡು ಮುರದ್ಳು.
"ಆದ್ರ ಅಲ್ಲಿಯಾಂವ
ಉಪ್ಪು ಒಂದು ಚಿಟಿಕಿ ಹೆಚ್ಚಿಗಿ ಹಾಕತಿದ್ದ."