ಪಾಳಿ ಬದಲು

ರಾತ್ರಿ ಎರಡಕ್ಕೆ ಎಸ್ತೇರತ್ತೆ ಎದ್ದು ಬರುತ್ತಾಳೆ,
ನೈಟಿಯ ಮೇಲೆ ಬಿಳಿ ಸ್ವೆಟರು, ರಾಯಚೂರಿನ ಮೇ ತಿಂಗಳಲ್ಲಿ.
ನಾನು ಲ್ಯಾಪ್‌ಟಾಪಿನ ಮುಂದೆ. ಆಸ್ಪತ್ರೆಯ ಸರ್ವರು ಕುಂಟುತ್ತಿದೆ.
'ಏನ್ ಸಿಸ್ಟರ್, ಇನ್ನಾ ರಿಪೋರ್ಟ್ ಬರಿಯಾಕತ್ತೀರೇನು?'
ಹೌದ್ರಿ ಸಿಸ್ಟರ್, ಎನ್ನುತ್ತೇನೆ ನಾನು,
ಅವಳ ತಮ್ಮನ ಮಗ, ಮೀಸೆಯಿರುವವನು.

ನಿಂತೇ ಪಾಳಿ ಒಪ್ಪಿಸುತ್ತಾಳೆ:
ಮೂರನೇ ಬೆಡ್ಡು ದೇವದುರ್ಗದ ಹುಡುಗ, ಚೇಳು ಕಡದದ, ಬೆವರು ನಿಂತಿಲ್ಲ.
ಏಳನೇದು ಬಾಣಂತಿ, ಜ್ವರ. ಕೂಸಿನ್ನ ಕೊಡಬ್ಯಾಡ್ರಿ ಅಂದಾರ ಡಾಕ್ಟ್ರು.
ನಾ ಕೊಟ್ಟೀನಿ. ಬರಕೋಬ್ಯಾಡ್ರಿ.
ಹನ್ನೊಂದು ಖಾಲಿ. ಯಾಕಂತ ಕೇಳಬ್ಯಾಡ್ರಿ.

ನಲವತ್ತು ವರ್ಷದ ಹಿಂದಿನ ವಾರ್ಡು,
ಡ್ರಿಪ್ಪಿನ ಒಂದು ಹನಿಯೂ ತಪ್ಪದೆ.
ಸಂಜೆ ಚಾ ಕುಡಿದದ್ದು ಮಾತ್ರ ಇಲ್ಲ.

ನೆನಪೆಂದರೆ ಡಿಸ್ಕು, ಮರೆವೆಂದರೆ ಅಳಿಸಿದ ಕಡತ
ಎನ್ನುವ ಗೆಳೆಯರಿದ್ದಾರೆ. ನಾನು ಹೇಳಲಾರೆ,
ಹದಿನಾರು ವರ್ಷ ಡಿಸ್ಕುಗಳ ಜೊತೆ ಬಾಳಿದವನು.
ಕೆಟ್ಟ ಡಿಸ್ಕು ನಾಚುವುದಿಲ್ಲ.
ಒದ್ದೆಯಾದ ಹೊದಿಕೆಯನ್ನು ಮಡಿಸಿ ಮಡಿಸಿ
ಅಲಮಾರಿನ ಹಿಂದೆ ತುರುಕುವುದಿಲ್ಲ.

'ಸಮ್ಮತಿ' ಎಂಬ ಕಾಲಂ ಮಾಡಿದವನು ನಾನೇ.
ಪಕ್ಕದಲ್ಲಿ ಕೆಂಪು ಚುಕ್ಕೆ, ತುಂಬದೆ ಮುಂದಕ್ಕೆ ಬಿಡದು.
ರೋಗಿ, ಸಂಬಂಧಿ, ಅನ್ವಯಿಸುವುದಿಲ್ಲ. ಮೂರೇ ಆಯ್ಕೆ.
ಚೀಟಿಯ ಸಾಲು ಬಿಸಿಲಿಗೆ ಬಿದ್ದು ಗೇಟು ದಾಟಿದ ದಿನ
ಗುಮಾಸ್ತರು ಬೇಡಿಕೊಂಡರೆಂದು
'ಸಂಬಂಧಿ' ತಾನಾಗಿಯೇ ತುಂಬಿಕೊಳ್ಳುವಂತೆ ಮಾಡಿದೆ.
ಎಷ್ಟು ಸಾವಿರ ಜನರ ಹೂಂ ಅನ್ನು
ಹೀಗೆ ನಾನೇ ಅಂದಿರಬಹುದು.
ಆಗ ಅದು ನಾಲ್ಕು ಸಾಲಿನ ಕೋಡು. ಊಟಕ್ಕೆ ಮುಂಚೆ ಮುಗಿದಿತ್ತು.

ಈಗ ಶೇಂಗಾ ಹಿಂಡಿಯಲ್ಲಿ ಮಾತ್ರೆ ಅರೆದು ಕಲಸುತ್ತೇನೆ.
ಹೆಂಡತಿ ಮೇಲೆ ಎಣ್ಣೆ ಹಾಕಿ ರೊಟ್ಟಿ ಮುರಿದು ಕೊಡುತ್ತಾಳೆ.
ಒಂದು ದಿನ ಅತ್ತೆ ತುತ್ತನ್ನು ನಾಲಿಗೆಯ ಮೇಲೇ ತಡೆದು
ಕಣ್ಣು ಮುಚ್ಚಿದಳು. ಗುರುತು ಹಿಡಿದಳು,
ಮಾತ್ರೆಯನ್ನಲ್ಲ, ನನ್ನನ್ನು:
'ಪೇಷಂಟಿಗೆ ಹೇಳದ ಕೊಟ್ಟರ ಅದು ಔಷಧ ಅಲ್ಲ,
ಮದ್ದು ಹಾಕೋದು.'
ಮರುಗಳಿಗೆ ಇನ್ನೊಂದು ತುತ್ತಿಗೆ ಬಾಯಿ ತೆರೆದಳು.
ಕೊಟ್ಟೆ.

ಇನ್ನೂ ಒಂದಿದೆ.
ಕಳೆದ ಚಳಿಗಾಲ, ಇದೇ ಹೊತ್ತು,
ಎಲ್ಲ ಬಾಗಿಲಿಗೂ ಹೊಂದುವ ನನ್ನ ಕೀಲಿಯಿಂದ ಅವಳ ಕಡತ ತೆರೆದೆ.
ಕೆಲಸವಿರಲಿಲ್ಲ. ತೆರೆಯಬಹುದಿತ್ತು, ತೆರೆದೆ.
ಐದು ವರ್ಷ ಹಿಂದಿನ ತಾರೀಖು. ಒಬ್ಬಳೇ ಬಂದಿದ್ದಾಳೆ,
ತೀನ್ ಕಂದೀಲಿಗೆ ಹೋಗಿ ಉಣ್ಣೆ ತರ್ತೀನಿ
ಎಂದು ಹೋದ ಮಧ್ಯಾಹ್ನಗಳಲ್ಲೊಂದು.
ಕಾಯಿಲೆಯ ಹೆಸರು. ಕೆಳಗೆ ಡಾಕ್ಟರರ ಅವಸರದ ಸಾಲು:
ರೋಗಿಗೆ ತಿಳಿಸಿದೆ. ಮನೆಯವರಿಗೆ ಹೇಳಕೂಡದೆಂದು ರೋಗಿಯ ಕೋರಿಕೆ.
ಹೇಳಕೂಡದು ಎಂಬಲ್ಲಿಗೆ ಬರುವಷ್ಟರಲ್ಲಿ
ಓದಿಯಾಗಿತ್ತು.

ಉಪ್ಪಿನ ಡಬ್ಬಿಗೆ ಉಪ್ಪು ಎಂದು, ಹಿತ್ತಲ ಬಾಗಿಲಿಗೆ ಹಿತ್ತಲು ಎಂದು
ಅವಳು ಚೀಟಿ ಅಂಟಿಸಿದ್ದು ಆ ವರ್ಷವೇ.
ಕಣ್ಣು ಮಂಜಾಗ್ಯಾವ, ಅಂದಿದ್ದಳು.
ನಾವು ಕನ್ನಡಕ ಮಾಡಿಸಿದೆವು.

ಲಾಗಿನಲ್ಲಿ ನನ್ನ ಹೆಸರಿದೆ: ಎರಡು ಗಂಟೆ ಹದಿನಾಲ್ಕು ನಿಮಿಷ.
ಅಳಿಸುವ ಅಧಿಕಾರವೂ ನನ್ನದೇ. ಅಳಿಸಿಲ್ಲ.
ಅದು ನಿಯತ್ತೋ, ಅಂಜಿಕೆಯೋ.
ಮುಚ್ಚಿಟ್ಟವಳು ಮುಚ್ಚಿಟ್ಟದ್ದನ್ನೇ ಮರೆತಿದ್ದಾಳೆ,
ಹೆಂಡತಿಗೂ ಹೇಳದೆ ನಾನು ಕಾಯುತ್ತಿದ್ದೇನೆ,
ಕದ್ದವನೇ ಕಾವಲಿಗೆ ನಿಂತ ಹಾಗೆ.

'ಸಿಸ್ಟರ್, ಸಹಿ?' ಅತ್ತೆ ಇನ್ನೂ ನಿಂತಿದ್ದಾಳೆ.
ಕರೆಂಟ್ ಬಿಲ್ಲಿನ ಬೆನ್ನು ತಿರುವಿ ಪೆನ್ನು ಕೊಡುತ್ತೇನೆ.
ಹನ್ನೆರಡನೇ ಬೆಡ್ಡು ಹೇಳಲಿಲ್ಲವಲ್ರಿ, ಕೇಳುತ್ತೇನೆ.
ಬಹಳ ಹೊತ್ತು ಯೋಚಿಸುತ್ತಾಳೆ. ಫ್ಯಾನು ತಿರುಗುತ್ತದೆ.
'ಯಾವಾಕಿಯೋ ಮುದುಕಿ. ಮಾತು ತಪ್ಪತಾವ.
ಏನರ ಮಾಡೂದಿದ್ರ ಮೊದಲ ಆಕಿನ್ನ ಕೇಳ್ರಿ.
ಆಕಿ ಹೇಳೂದು ತಿಳೀಲಿಲ್ಲಂದ್ರ
ಇನ್ನೊಮ್ಮೆ ಕೇಳ್ರಿ.'

ಪೂರ್ತಿ ಹೆಸರು ಬರೆಯುತ್ತಾಳೆ, ಇನಿಷಿಯಲ್ ಸಮೇತ,
ತಾರೀಖಿನ ಜಾಗ ಖಾಲಿ ಬಿಟ್ಟು.
ಆಮೇಲೆ ಅದರ ಕೆಳಗೆ ಬೆರಳಿಡುತ್ತಾಳೆ:
'ತಗೊಂಡವರು ಇಲ್ಲೆ.'