ನಾಲ್ಕನೆಯ ಮನೆ

ಬೆಟಗೇರಿಯ ನಮ್ಮ ಪತ್ತಿನ ಸಂಘದ ವಹಿಯಲ್ಲಿ
ಮೂರೇ ಮನೆ: ಕೊಟ್ಟದ್ದು, ಬಂದದ್ದು, ಬಾಕಿ.
ಇಪ್ಪತ್ತಾರು ವರ್ಷ ಈ ಮೂರರಲ್ಲೇ
ಮಿರ್ಚಿ ಬಂಡಿ, ಬಳೆಯ ಮಲಾರ, ಇಸ್ತ್ರಿ ಪೆಟ್ಟಿಗೆ
ಕೂಡಿಸಿ ಕಳೆದಿದ್ದೇನೆ.

ಇಂದು ದೂರದ ಯಾವುದೋ ಕಚೇರಿಯಿಂದ
ಅನುದಾನ ಬಂತು. ಆರು ಲಕ್ಷ.
ಸಣ್ಣವರಿಗೆ ಸಾಲ ಕೊಡುವವರಿಗೆಂದು
ಮರಳಿ ಕೇಳದ ದುಡ್ಡು.
ಬೆನ್ನಿಗೇ ಹನ್ನೆರಡು ಪುಟದ ಫಾರ್ಮು:
'ಬದಲಾದ ಬದುಕುಗಳ ಸಂಖ್ಯೆ ನಮೂದಿಸಿ.'

ಪೆನ್ನಿನ ಟೋಪಿ ಕಚ್ಚುತ್ತ ಕೂತಿದ್ದೆ.
ಹುಸೇನಬಿ ನದಾಫ ಬಂದಳು, ಮಂಗಳವಾರದ ಕಂತು,
ಎಂಬತ್ತು ರೂಪಾಯಿ, ಸೆರಗಿನ ಗಂಟಿನಲ್ಲಿ;
ರೆಪ್ಪೆಯ ಮೇಲೆ ಇನ್ನೂ ಹಿಂಜಿದ ಅರಳೆ.
ಮೋಟಾರಿಗೆಂದು ತೆಗೆದ ಸಾಲ.
ಮೋಟಾರು ಎರಡು ಸಲ ಸುಟ್ಟಿತು,
ಕಂತು ಒಂದೂ ತಪ್ಪಲಿಲ್ಲ.

ಸುದ್ದಿ ಹೇಳಿದೆ. ಗಂಟು ಬಿಚ್ಚುತ್ತಿದ್ದ ಕೈ ನಿಂತಿತು.
"ಹೊಳ್ಳಿ ಕೊಡೂದು ಇಲ್ಲಂದ್ರ
ನಿಮಗ ನಿದ್ದಿ ಹೆಂಗ ಬರತೈತ್ರಿ, ಅಣ್ಣಾರ?"

ಊರಿಗೆಲ್ಲ ಗಾದಿ ಹೊಲಿಯುವವಳು ಕೇಳಿದ ಮಾತು.

ಅವಳು ಹೋದ ಮೇಲೆ ಸ್ಕೇಲು ಹಚ್ಚಿ
ನಾಲ್ಕನೆಯ ಮನೆಗೆ ಗೆರೆ ಎಳೆದೆ.
ಏನೆಂದು ಕರೆಯಲಿ, ಹೊಳೆಯಲಿಲ್ಲ.
ಮೊತ್ತ ಬರೆದೆ.
ಹಸಿ ಮಸಿಗೆ ಎಲ್ಲಿಂದಲೋ ಒಂದೆಳೆ ಅರಳೆ
ಬಂದು ಅಂಟಿತು. ಊದಲಿಲ್ಲ.